ಮರೆವಿಗೆ ಮುಂಚಿನ ಸುಳಿವು
ಮರೆವು ಮನೆಯವರ ಕಣ್ಣಿಗೆ ಬೀಳುವ ಹದಿನೈದಿಪ್ಪತ್ತು ವರ್ಷ ಮೊದಲೇ ಅಲ್ಜೈಮರ್ ಕಾಯಿಲೆ ಮಿದುಳಿನಲ್ಲಿ ಬೇರು ಬಿಟ್ಟಿರುತ್ತದೆ. ಅಮೈಲಾಯ್ಡ್ ಎಂಬ ಪ್ರೋಟೀನು ನರಕೋಶಗಳ ನಡುವೆ ಗಟ್ಟಿಕಟ್ಟುತ್ತದೆ, ಟೌ ಎಂಬುದು ಕೋಶದೊಳಗೇ ಸಿಕ್ಕುಗಟ್ಟುತ್ತದೆ. 1906ರಲ್ಲಿ ವೈದ್ಯ ಅಲೋಯಿಸ್ ಅಲ್ಜೈಮರ್ ಇವನ್ನು ಕಂಡದ್ದು ತೀರಿಕೊಂಡ ರೋಗಿಯ ಮಿದುಳಿನಲ್ಲಿ. ಈಗ ಬದುಕಿರುವವರ ರಕ್ತದಲ್ಲೇ ಟೌ ಪ್ರೋಟೀನಿನ ಒಂದು ರೂಪವಾದ ಪಿ-ಟೌ217 ಅಳೆಯಬಹುದು. ಅಂಥದೊಂದು ಪರೀಕ್ಷೆಗೆ 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ, ಅದೂ ಈಗಾಗಲೇ ಮರೆವಿನ ಲಕ್ಷಣ ಇರುವವರಿಗೆ ಮಾತ್ರ. ಆದರೆ ಮೂತ್ರಪಿಂಡ ಸೊರಗಿದರೂ ರಕ್ತದಲ್ಲಿ ಪಿ-ಟೌ ಏರುತ್ತದೆ. ಮೂತ್ರಪಿಂಡವನ್ನು ಸೊರಗಿಸುವ ಸಕ್ಕರೆ ಕಾಯಿಲೆ ಮನೆಮನೆಯಲ್ಲಿರುವ ನಮಗೆ, ಪಿ-ಟೌ ಇಷ್ಟಿದ್ದರೆ ರೋಗ ಎಂದು ಪಶ್ಚಿಮದವರು ಎಳೆದ ಗೆರೆಯೇ ಸರಿಹೋಗುತ್ತದೆಂದು ಹೇಗೆ ನಂಬುವುದು? ಅದಕ್ಕೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಡೆಯುತ್ತಿರುವ ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಅಲ್ಲಿ 45 ದಾಟಿದ ಹಳ್ಳಿಗರ ರಕ್ತ, ಎಂಆರ್‌ಐ, ನೆನಪಿನ ಶಕ್ತಿ ಎಲ್ಲವನ್ನೂ ವರ್ಷಗಟ್ಟಲೆ ಗಮನಿಸುತ್ತಿದೆ. ಇಂಥ ಹಳ್ಳಿಗಳಲ್ಲಿ ಪೆನ್ನನ್ನೇ ಹಿಡಿಯದ ಅಜ್ಜಿಯ ಕೈಯಲ್ಲಿ ಗಡಿಯಾರದ ಚಿತ್ರ ಬರೆಸಿ ಮರೆವು ಅಳೆಯುವುದು ಅನ್ಯಾಯ. ಅಂಥವರಿಗೆ ನಂಬಬಹುದಾದ ರಕ್ತಪರೀಕ್ಷೆ ಬೇಗ ಸಿಗಬೇಕು. ಅಲ್ಲಿಯವರೆಗೆ ಒಂದು ಮಾತು: ಹಿರಿಯರು ಕೇಳಿದ್ದನ್ನೇ ಕೇಳತೊಡಗಿದರೆ ‘ವಯಸ್ಸಾಯ್ತು’ ಎಂದು ತಳ್ಳಿಹಾಕಬೇಡಿ, ವೈದ್ಯರಿಗೆ ತೋರಿಸಿ. ಥೈರಾಯ್ಡ್ ಅಥವಾ ಬಿ12 ಕೊರತೆಯಿಂದ ಬಂದ ಮರೆವಾದರೆ ಅದಕ್ಕೆ ಇವತ್ತೇ ಮದ್ದಿದೆ.