ವೃದ್ಧೆಯ ಹೊಟ್ಟೆನೋವನ್ನು ಯಾರು ನೋಡಬೇಕು?

ವಯಸ್ಸಾದ ಹೆಂಗಸರ ಹೊಟ್ಟೆನೋವಿಗೆ ನಮ್ಮ ಮನೆಗಳಲ್ಲಿ ಸಿದ್ಧವಾದ ಹೆಸರೊಂದಿದೆ: ಗ್ಯಾಸ್ಟ್ರಿಕ್. ಎಪ್ಪತ್ತೆರಡು ವರ್ಷದ ನನ್ನ ಸೋದರತ್ತೆಯವರು ಓಮದ ನೀರು, ಮಜ್ಜಿಗೆಗಳಲ್ಲಿ ಮೂರು ದಿನ ತಳ್ಳಿದರು. ನಾಲ್ಕನೆಯ ದಿನ ಹೊಟ್ಟೆ ಬಿಗಿದು ಜ್ವರ ಏರಿದಾಗ ಆಸ್ಪತ್ರೆಗೆ ಸೇರಿಸಿದೆವು. ಎಕ್ಸ್-ರೇಯಲ್ಲಿ ವಪೆಯ ಕೆಳಗೆ ಗಾಳಿ ಕಂಡಿತು. ಕರುಳು ತೂತಾಗಿರಬೇಕೆಂದು ವೈದ್ಯರು ಊಹಿಸಿದರು. ಸಿ.ಟಿ. ಸ್ಕ್ಯಾನ್ ಬೇರೆಯದನ್ನೇ ತೋರಿಸಿತು. ಒಡೆದಿದ್ದುದು ಕರುಳಲ್ಲ, ಕೀವು ತುಂಬಿದ ಗರ್ಭಕೋಶ. ಅವರು ಬದುಕಿದ್ದು ನಮ್ಮ ಪುಣ್ಯ.

ವೈದ್ಯರು ಇದನ್ನು ಪಯೋಮೆಟ್ರಾ ಎನ್ನುತ್ತಾರೆ. ಮುಟ್ಟು ನಿಂತ ಮೇಲೆ ಗರ್ಭಕೋಶದ ಕೊರಳು ಕುಗ್ಗಿ ಅಥವಾ ಕ್ಯಾನ್ಸರ್ ಗಡ್ಡೆಯಿಂದ ಮುಚ್ಚಿ, ಒಳಗಿನ ಸ್ರಾವ ಹೊರಬರಲಾಗದೆ ಕೀವಾಗುತ್ತದೆ. ಅದು ಒಡೆಯುವುದು ತೀರ ಅಪರೂಪ, ಒಡೆದರೆ ಪ್ರಾಣಾಪಾಯ. ಗಡ್ಡೆಯಿರುವ ಅಂಡಾಶಯ ತಿರುಚಿಕೊಳ್ಳುವುದೂ ಇಂಥದೇ ಇನ್ನೊಂದು ತುರ್ತು. ಅಲ್ಲಿ ಡಾಪ್ಲರ್ ಪರೀಕ್ಷೆಯಲ್ಲಿ ರಕ್ತಸಂಚಾರ ಕಂಡಿತೆಂದ ಮಾತ್ರಕ್ಕೆ ತಿರುಚಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ಹಾಗಾದರೆ ಪ್ರತಿ ಹೊಟ್ಟೆನೋವಿಗೂ ಸ್ಕ್ಯಾನ್ ಬೇಕೇ? ಅರ್ಥಶಾಸ್ತ್ರ ಓದಿದ ನಾನು ಹಾಗೆನ್ನಲಾರೆ. ಆದರೆ ತಪ್ಪಿದರೆ ತೆರಬೇಕಾದ ಬೆಲೆ ಪ್ರಾಣವೇ ಆಗಿರುವಾಗ ಲೆಕ್ಕಾಚಾರ ಬದಲಾಗುತ್ತದೆ. ಎಪ್ಪತ್ತರ ವಯಸ್ಸಿನಲ್ಲಿ ಸಿ.ಟಿ. ವಿಕಿರಣಕ್ಕಿಂತ ವಿಳಂಬವೇ ದೊಡ್ಡ ಅಪಾಯ.

ಹಣದ ಪ್ರಶ್ನೆಯೂ ಇದೆ. ಆಯುಷ್ಮಾನ್ ಭಾರತ್ ಯೋಜನೆಯನ್ನು 2024ರಲ್ಲಿ 70 ವರ್ಷ ತುಂಬಿದ ಎಲ್ಲರಿಗೂ, ಆದಾಯದ ಭೇದವಿಲ್ಲದೆ, ವಿಸ್ತರಿಸಲಾಯಿತು. ಇದು ಸ್ವಾಗತಾರ್ಹ. ಆದರೆ ಯೋಜನೆ ಮುಖ್ಯವಾಗಿ ಒಳರೋಗಿಗಳಿಗೆ. ದಾಖಲಾದರೆ ಅದಕ್ಕೆ ಮುಂಚಿನ 3 ದಿನಗಳ ತಪಾಸಣೆಯ ವೆಚ್ಚ ಸಿಗುತ್ತದೆ. ದಾಖಲಾಗದಿದ್ದರೆ ಸ್ಕ್ಯಾನಿನ ಹಣ ಮನೆಯವರದೇ. ಅಂದರೆ ಕಾಯಿಲೆ ಇದೆಯೆಂದು ಹೇಳುವ ಸ್ಕ್ಯಾನಿಗೆ ಸರ್ಕಾರ ಹಣ ಕೊಡುತ್ತದೆ, ಇಲ್ಲವೆಂದು ಹೇಳುವ ಸ್ಕ್ಯಾನಿಗೆ ಕೊಡುವುದಿಲ್ಲ. ಖರ್ಚಿಗೆ ಹೆದರುವ ವೃದ್ಧೆ ನೋವನ್ನು ನುಂಗಿಕೊಳ್ಳುವುದರಲ್ಲಿ ಆಶ್ಚರ್ಯವೇನು?

ಮುಟ್ಟು ನಿಂತ ಮಹಿಳೆ ತೀವ್ರ ಹೊಟ್ಟೆನೋವೆಂದು ತುರ್ತು ವಿಭಾಗಕ್ಕೆ ಬಂದಾಗ, ವೈದ್ಯರು ಅಗತ್ಯವೆಂದು ಬರೆದ ಸ್ಕ್ಯಾನ್ ಫಲಿತಾಂಶ ಏನೇ ಇರಲಿ ಉಚಿತವಾಗಿ, ಅಂದೇ ಆಗಬೇಕು. ವರದಿಯಲ್ಲಿ ಗರ್ಭಕೋಶ, ಅಂಡಾಶಯಗಳ ಸ್ಥಿತಿಯೂ ತಪ್ಪದೆ ದಾಖಲಾಗಬೇಕು. ಮನೆಯವರಾದ ನಮಗೂ ಹೊಣೆಯಿದೆ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಪರೀಕ್ಷೆ ಮಾಡಿಸಬೇಕು. ಅತ್ತೆಯವರಿಗೆ ಹಾಗೆ ಎರಡು ಬಾರಿ ಆಗಿತ್ತಂತೆ. ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.