ತಕ್ಕಡಿಗೆ ದರ ಕಟ್ಟಿದವರು

ತೂಕದಲ್ಲಿ ಮೋಸ ಮಾಡಿದ ಅಂಗಡಿಕಾರನಿಗೆ ಏನಾಗುತ್ತದೆಂದು ನಮ್ಮ ಸಂತೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬಟ್ಟಿನ ಮೇಲೆ ಮುದ್ರೆ ಇಲ್ಲದಿದ್ದರೆ ಇನ್ಸ್‌ಪೆಕ್ಟರು ಬಂದು ಕೇಸು ಬರೆಯುತ್ತಾರೆ. ಆದರೆ ತಕ್ಕಡಿಯ ಮೋಸಕ್ಕೇ ದರಪಟ್ಟಿ ಹಚ್ಚಿ, ಪೌಂಡಿಗೆ ಇಷ್ಟೆಂದು ಹಣ ಎಣಿಸಿಕೊಂಡು, ಮರುದಿನ ರಾಜಾರೋಷವಾಗಿ ವ್ಯಾಪಾರ ನಡೆಸುವ ಒಂದು ಧಂಧೆ ಇದೆ. ಅದು ಹಣಕ್ಕಾಗಿ ನಡೆಯುವ ಮುಷ್ಟಿಯುದ್ಧ, ಅಂದರೆ ಬಾಕ್ಸಿಂಗ್.

ನಮ್ಮ ಜಾತ್ರೆಯ ಕುಸ್ತಿಯಲ್ಲಿ ಹಿರಿಯರು ಇಬ್ಬರು ಪೈಲ್ವಾನರನ್ನು ಅಕ್ಕಪಕ್ಕ ನಿಲ್ಲಿಸಿ, ಮೈಕಟ್ಟು ನೋಡಿ ಜೋಡಿ ಕಟ್ಟುತ್ತಾರೆ. ಬಾಕ್ಸಿಂಗಿನಲ್ಲಿ ಆ ಹಿರಿಯರ ಕೆಲಸವನ್ನು ತಕ್ಕಡಿ ಮಾಡುತ್ತದೆ. 118 ಪೌಂಡು, 135 ಪೌಂಡು, 140 ಪೌಂಡು ಎಂದು ವರ್ಗಗಳಿವೆ. ಕಾದಾಟದ ಹಿಂದಿನ ದಿನ ಇಬ್ಬರೂ ತಕ್ಕಡಿ ಹತ್ತಬೇಕು. ಗೊತ್ತಾದ ತೂಕ ಮೀರಬಾರದು. ಕಾರಣ ಸರಳ: ಹೆಚ್ಚು ತೂಕದವನ ಗುದ್ದು ಹೆಚ್ಚು ಭಾರ, ಮತ್ತು ಆ ಗುದ್ದು ಬೀಳುವುದು ತಲೆಗೆ.

2005ನೇ ಇಸವಿ ಅಕ್ಟೋಬರದಲ್ಲಿ ಅಮೆರಿಕದ ಲಾಸ್ ವೇಗಸ್ ಪಟ್ಟಣದಲ್ಲಿ ನಡೆದದ್ದನ್ನು ಕೇಳಿರಿ. ಹೊಸೆ ಲೂಯಿಸ್ ಕಾಸ್ಟಿಯೋ 135 ಪೌಂಡಿನ ಕಾದಾಟಕ್ಕೆ ಬಂದು ತಕ್ಕಡಿ ಹತ್ತಿದ. ಅವನ ಕಡೆಯ ವೈದ್ಯನೊಬ್ಬ ತಕ್ಕಡಿಯ ಕೆಳಗೆ ಕಾಲಿನ ಬೆರಳು ಕೊಟ್ಟು ಎತ್ತುತ್ತಿದ್ದಾಗ ಸಿಕ್ಕಿಬಿದ್ದ! ನಮ್ಮಲ್ಲಿ ಬೆಲ್ಲ ತೂಗುವಾಗ ಹೆಬ್ಬೆರಳು ಒತ್ತುವವರನ್ನು ಬಯ್ಯುತ್ತೇವೆ. ಅಲ್ಲಿ ಓದಿದ ವೈದ್ಯ ಕಾಲ್ಬೆರಳಿನಿಂದ ಅದೇ ಕೆಲಸ ಮಾಡಿದ. ಕಡೆಗೆ ಕಾಸ್ಟಿಯೋನ ತೂಕ ಮೂರೂವರೆ ಪೌಂಡು ಹೆಚ್ಚಿತ್ತು. ಕಾದಾಟ ನಿಂತಿತೇ? ಇಲ್ಲ. ಪಟ್ಟ ಪಣಕ್ಕಿಲ್ಲವೆಂದು ಸಾರಿ ನಡೆಸಿಯೇ ಬಿಟ್ಟರು. ಐದು ತಿಂಗಳ ಹಿಂದೆ ಹತ್ತನೆಯ ಸುತ್ತಿನಲ್ಲಿ ಅವನನ್ನು ಸೋಲಿಸಿದ್ದ ಡಿಯೆಗೋ ಕೊರಾಲೆಸ್ ಈ ಬಾರಿ ನಾಲ್ಕನೆಯ ಸುತ್ತಿನಲ್ಲಿ ನೆಲಕ್ಕುರುಳಿದ. 2006ರ ಜೂನಿನಲ್ಲಿ ಮೂರನೆಯ ಕಾದಾಟ ಗೊತ್ತಾಯಿತು. ಕಾಸ್ಟಿಯೋ ನಾಲ್ಕೂವರೆ ಪೌಂಡು ಹೆಚ್ಚು ತೂಗಿದ. ಆಗಷ್ಟೇ ಅದು ರದ್ದಾಯಿತು.

"ಇದು ಇಬ್ಬರ ನಡುವಿನ ಕರಾರು, ದಂಡ ಕೊಟ್ಟರಾಯಿತು" ಎನ್ನುವ ಪಂಡಿತರಿದ್ದಾರೆ. ಆ ದಂಡದ ಸಂಗತಿಯನ್ನೂ ನೋಡೋಣ. 2009ರಲ್ಲಿ ಫ್ಲಾಯ್ಡ್ ಮೇವೆದರ್ 144 ಪೌಂಡಿನ ಒಪ್ಪಂದಕ್ಕೆ 146 ತೂಗಿ, ಪೌಂಡಿಗೆ 3 ಲಕ್ಷದಂತೆ 6 ಲಕ್ಷ ಡಾಲರು ಮಾರ್ಕೆಸನಿಗೆ ಕೊಟ್ಟು ಗೆದ್ದು ಹೋದ. 2024ರ ಏಪ್ರಿಲಿನಲ್ಲಿ ರಯಾನ್ ಗಾರ್ಸಿಯಾ 140ರ ಬದಲು 143.2 ಪೌಂಡು ತೂಗಿದ. ನಾಚಿಕೆಯ ಮಾತು ಹಾಗಿರಲಿ, ಅಲ್ಲಿಯೇ ಬೀರಿನ ಬಾಟಲಿ ಎತ್ತಿ ಕುಡಿದು ತೋರಿಸಿದ. ಪೌಂಡಿಗೆ 5 ಲಕ್ಷ ಡಾಲರಿನ ಬಾಜಿಯಿತ್ತು. ಹಿಂದೆ ಶಾಲೆಯಲ್ಲಿ ಮಗ್ಗಿ ಕಲಿಸಿದವನು ನಾನು, ಲೆಕ್ಕ ಬಿಡಲಾರೆ: ಮೂರು ಪೌಂಡಿಗೆ 15 ಲಕ್ಷ. ಎದುರಾಳಿ ಡೆವಿನ್ ಹೇನಿ ಮೂರು ಸಲ ನೆಲ ಕಂಡ. ಆಮೇಲೆ ಗಾರ್ಸಿಯಾನ ಮೈಯಲ್ಲಿ ನಿಷೇಧಿತ ಮದ್ದೂ ಸಿಕ್ಕಿ ಆ ಗೆಲುವನ್ನು ಅಳಿಸಲಾಯಿತು. ಕೋಟ್ಯಧೀಶನಿಗೆ ದಂಡವೆಂದರೆ ಏನು? ಅದು ಅವನು ಕೊಳ್ಳುವ ಒಂದು ಪರವಾನಗಿ. ಗಿರಣಿಯ ಗೇಟಿಗೆ ಹತ್ತು ನಿಮಿಷ ತಡವಾಗಿ ಬಂದವನ ಅರ್ಧ ದಿನದ ಕೂಲಿ ಮುರಿಯುವಾಗ ಅದು ದಂಡ, ಏಕೆಂದರೆ ಆ ರಾತ್ರಿ ಅವನ ಮನೆಯ ಹಿಟ್ಟಿನ ಡಬ್ಬಿಗೆ ಅದು ತಿಳಿಯುತ್ತದೆ.

ಆದರೆ ಮುಷ್ಟಿಮಲ್ಲನ ತಪ್ಪನ್ನು ಮುಚ್ಚಿಡುವುದು ನಮ್ಮ ಉದ್ದೇಶವಲ್ಲ. ಶಿಸ್ತು ಎಂಬುದು ಕಾದಾಟಕ್ಕೆ ಸಹಿ ಹಾಕಿದ ದಿನದಿಂದ ಶುರುವಾಗಬೇಕು: ಬೆಳಗಿನ ಓಟ, ಅಳೆದ ಊಟ, ವಾರವಾರವೂ ತೂಕ ನೋಡಿ ಬರೆದಿಡುವುದು. ಇದರಲ್ಲಿ ಸೋಮಾರಿಯಾದವನು ಕೊನೆಯ ಎರಡು ದಿನ ನೀರು ಬಿಟ್ಟು, ರಬ್ಬರಿನ ಅಂಗಿ ತೊಟ್ಟು, ಬಿಸಿ ಕೋಣೆಯಲ್ಲಿ ಕುಳಿತು ಬೆವರು ಹಿಂಡುತ್ತಾನೆ. 1997ರ ಕೊನೆಯಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಮೂವರು ಕುಸ್ತಿಪಟುಗಳು ಹೀಗೆ ತೂಕ ಇಳಿಸುತ್ತಲೇ ಸತ್ತರು. ಒಣಗಿದವನು ತೂಗಿದ ಮೇಲೆ ಕುಡಿದು ತಿಂದು ಮತ್ತೆ ಉಬ್ಬುತ್ತಾನೆ. 2000ದ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ 141 ಪೌಂಡಿನ ಒಪ್ಪಂದದ ಆರ್ಟುರೋ ಗಾಟ್ಟಿ ಕಾದಾಟದ ರಾತ್ರಿ 160 ಪೌಂಡಿದ್ದ, ಜೋಯಿ ಗಮಾಶ್ 145. ಎರಡನೆಯ ಸುತ್ತಿನಲ್ಲಿ ಬಿದ್ದ ಗಮಾಶನ ಮಿದುಳಿಗೆ ಪೆಟ್ಟಾಯಿತು. ಅವನು ಮತ್ತೆಂದೂ ಅಖಾಡಕ್ಕೆ ಇಳಿಯಲಿಲ್ಲ.

ಹೀಗಿರುವಾಗ ಮೈ ಬೆಳೆದವನು ಮೇಲಿನ ವರ್ಗಕ್ಕೆ ಏಕೆ ಹೋಗುವುದಿಲ್ಲ? ಕೆಳಗಿನ ವರ್ಗದಲ್ಲಿ ತನಗಿಂತ ಚಿಕ್ಕವರು ಸಿಗುತ್ತಾರೆ. ಕಾದಾಟ ಏರ್ಪಡಿಸುವ ಧಣಿಗೂ ಅದು ಗೊತ್ತು. ಟಿಕೆಟು ಖರ್ಚಾದ ಮೇಲೆ ಅವನ ಕಣ್ಣು ತಕ್ಕಡಿಯ ಮುಳ್ಳಿನ ಮೇಲೆ ಇರುವುದಿಲ್ಲ. 2018ರ ಮಾರ್ಚಿನಲ್ಲಿ ಟೋಕಿಯೋದಲ್ಲಿ ಲೂಯಿಸ್ ನೇರಿ 118ರ ವರ್ಗಕ್ಕೆ ಮೊದಲು ಐದು ಪೌಂಡು, ಎರಡನೆಯ ಸಲ ಮೂರು ಪೌಂಡು ಹೆಚ್ಚು ತೂಗಿದ. ಪಟ್ಟ ಹೋಯಿತು, ಕಾದಾಟ ಮಾತ್ರ ನಡೆಯಿತು. ಯಾಮನಾಕಾ ಎರಡನೆಯ ಸುತ್ತಿನಲ್ಲಿ ಸೋತು ನಿವೃತ್ತನಾದ. ಜಪಾನಿನ ಮಂಡಳಿ ನೇರಿಗೆ ಬಾಗಿಲು ಮುಚ್ಚಿತು. ಮೆಚ್ಚಬೇಕಾದ ಮಾತೇ! ಆದರೆ 2024ರ ಮೇ ತಿಂಗಳಲ್ಲಿ ಟೋಕಿಯೋ ಡೋಮ್ ತುಂಬಿಸಲು ಇನೌಯೆಯ ಎದುರಿಗೆ ಅದೇ ನೇರಿ ಬೇಕಾದ, ಬಾಗಿಲು ತೆರೆಯಿತು.

ಈಗ ನಮ್ಮ ವಿನೇಶ್ ಫೋಗಟಳನ್ನು ನೆನೆಯಿರಿ. 2024ರ ಆಗಸ್ಟಿನಲ್ಲಿ ಪ್ಯಾರಿಸಿನ ಒಲಿಂಪಿಕ್ಸಿನಲ್ಲಿ ಒಂದೇ ದಿನ ಮೂವರನ್ನು ಸೋಲಿಸಿ ಅಂತಿಮ ಕುಸ್ತಿಗೆ ಬಂದವಳು. ಮರುದಿನ ಬೆಳಿಗ್ಗೆ 50 ಕಿಲೋಗೆ 100 ಗ್ರಾಂ ಹೆಚ್ಚಾಯಿತು. ರಾತ್ರಿಯೆಲ್ಲ ಬೆವರಿಳಿಸಿ, ಕೂದಲು ಕತ್ತರಿಸಿಕೊಂಡರೂ ಆಗಲಿಲ್ಲ. ಚಿನ್ನವಿಲ್ಲ, ಬೆಳ್ಳಿಯೂ ಇಲ್ಲ, ಮೇಲ್ಮನವಿಯೂ ಬಿತ್ತು. ಆ ನಿಯಮ ಕಠೋರವೆಂದೇ ನನ್ನ ಅಭಿಪ್ರಾಯ. ಗೆದ್ದ ದಿನದ ಬೆಳ್ಳಿಯನ್ನು ಕಸಿಯಬಾರದಿತ್ತು. ಆದರೆ ಅಲ್ಲಿ ಯಾರೂ ಚೆಕ್ಕು ಬರೆದು ತಕ್ಕಡಿಯನ್ನು ಒಲಿಸಿಕೊಳ್ಳುವಂತಿರಲಿಲ್ಲ. ಗಾರ್ಸಿಯಾನಿಗೆ ಹೆಚ್ಚಾದದ್ದು ಸುಮಾರು 1450 ಗ್ರಾಂ!

ನಾವು ಕೇಳುವುದು ಇಷ್ಟು. ತೂಕ ಮೀರಿದರೆ ಕಾದಾಟ ನಿಲ್ಲಲಿ, ದಂಡದ ಮಾತೇ ಬೇಡ. ನಿಂತರೆ ತೂಕ ಕಾಯ್ದುಕೊಂಡು ಬಂದವನ ಕೂಲಿ ಹೋಗುತ್ತದೆ. ಆ ಭಯದಿಂದಲೇ ಅವನು ತನಗಿಂತ ಭಾರದವನ ಎದುರು ನಿಲ್ಲಲು ಒಪ್ಪುತ್ತಾನೆ. ಒಪ್ಪಿಗೆಯೆಂದು ಪಂಡಿತರು ತೋರಿಸುವ ಕಾಗದದ ಹಿಂದಿನ ಸತ್ಯ ಇದು. ಆದ್ದರಿಂದ ಅವನ ಪೂರ್ಣ ಕೂಲಿಯನ್ನು ಏರ್ಪಾಟಿನ ಧಣಿಯೇ ಕೊಡಬೇಕು. ಹಾಗೆಂದು ಕರಾರಿನಲ್ಲಿ ಮೊದಲೇ ಬರೆಯಬೇಕು. ಆಗ ಧಣಿಯೇ ವಾರವಾರವೂ ತಕ್ಕಡಿಯ ಮುಂದೆ ನಿಂತು ಮುಳ್ಳು ನೋಡುತ್ತಾನೆ.

ಟಿಕೆಟಿನ ಹಣ ಜನರಿಗೆ ಹಿಂದಿರುಗಿಸಬೇಕಾಗುತ್ತದಲ್ಲ ಎಂದು ಕೇಳುತ್ತಾರೆ. ಹಿಂದಿರುಗಿಸಲಿ.