ಆರೋಗ್ಯ ಚಿಂತನ: ಥೈರಾಯ್ಡ್ ವರದಿಯೂ ಕೊರಳಿನ ಗಂಟೂ

ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ ಅಜ್ಜಿಗೆ ಹತ್ತು ಪರೀಕ್ಷೆಗಳ ಜೊತೆಗೆ ಥೈರಾಯ್ಡ್ ಪರೀಕ್ಷೆಯೂ ಆಗುತ್ತದೆ. ವರದಿಯ ಒಂದು ಅಂಕಿ ಏರುಪೇರಾಗಿದ್ದರೆ ಸಾಕು, "ಅಜ್ಜಿಗೆ ಥೈರಾಯ್ಡ್ ಬಂತು" ಎಂದು ಮನೆಮಂದಿ ಕಳವಳಗೊಳ್ಳುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಬಂಧುಗಳಲ್ಲಿ ನಾವು ಈ ಕಳವಳವನ್ನು ಕಂಡಿದ್ದೇವೆ.

ಕೊರಳಿನ ಮುಂಭಾಗದಲ್ಲಿರುವ ಈ ಗ್ರಂಥಿಯು ಟಿ-3, ಟಿ-4 ಎಂಬ ರಸಗಳನ್ನು ಸ್ರವಿಸುತ್ತದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಮೂಲಕ ಅದನ್ನು ನಡೆಸುತ್ತದೆ. ಕಾಯಿಲೆ ತೀವ್ರವಾದಾಗ, ಥೈರಾಯ್ಡ್ ಆರೋಗ್ಯವಾಗಿದ್ದರೂ ಟಿ-3 ಇಳಿಯುತ್ತದೆ, ಟಿ.ಎಸ್.ಎಚ್. ಕೂಡ ತಗ್ಗಬಹುದು. ಚೇತರಿಸಿಕೊಳ್ಳುವಾಗ ಅದು ತುಸು ಏರುವುದೂ ಉಂಟು. ಸ್ಟೀರಾಯ್ಡ್ ಮತ್ತು ಕೆಲವು ಹೃದಯದ ಔಷಧಿಗಳೂ ಅಂಕಿಗಳನ್ನು ಬದಲಿಸುತ್ತವೆ. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಪರೀಕ್ಷೆಯನ್ನೇ ದಾರಿ ತಪ್ಪಿಸಬಲ್ಲದು. ಇವನ್ನೆಲ್ಲ ವೈದ್ಯರಿಗೆ ಮರೆಯದೆ ತಿಳಿಸಬೇಕು.

ನಮ್ಮ ಸೀಮೆಯವರಿಗೆ ಕಾಯುವುದು ಹೊಸತಲ್ಲ. ಅಟ್ಟದ ಮೇಲಿನ ಕಾಯಿ ತಿಂಗಳುಗಟ್ಟಲೆ ಒಣಗಿದ ಮೇಲೆಯೇ ಉಂಡೆ ಕೊಬ್ಬರಿ. ಅವಸರಪಟ್ಟು ಒಡೆದರೆ ನಷ್ಟ. ಹಾಗೆಯೇ, ಅಲ್ಪ ಏರುಪೇರಿದ್ದಲ್ಲಿ ಗುಣವಾದ ಆರರಿಂದ ಎಂಟು ವಾರಗಳ ಬಳಿಕ ಮರುಪರೀಕ್ಷೆ ಮಾಡಿಸುವುದು ಲೇಸು. ಅನಗತ್ಯವಾಗಿ ನುಂಗಿದ ಥೈರಾಯ್ಡ್ ಮಾತ್ರೆ ವೃದ್ಧರ ಎದೆಬಡಿತವನ್ನು ಕೆಡಿಸೀತು, ಮೂಳೆಯನ್ನು ಸವೆಸೀತು. ಆದರೆ ಟಿ.ಎಸ್.ಎಚ್. 20ನ್ನು ಮೀರಿ ಟಿ-4 ಇಳಿದಿದ್ದರೆ, ಅಥವಾ ಗರ್ಭಿಣಿಯರಾಗಿದ್ದರೆ, ಕಾಯದೆ ವೈದ್ಯರನ್ನು ಕಾಣಬೇಕು. ಮೊದಲಿನಿಂದ ಮಾತ್ರೆ ಸೇವಿಸುತ್ತಿರುವವರು ತಾವಾಗಿಯೇ ಅದನ್ನು ನಿಲ್ಲಿಸಬಾರದು.

ಇನ್ನು ಗಂಟಿನ ಮಾತು. ವಿಭೂತಿ ಧರಿಸಲು ಕನ್ನಡಿಯ ಮುಂದೆ ನಿಂತಾಗ ಕೊರಳಲ್ಲಿ ಗಂಟು ಕಂಡರೆ ಎದೆ ಝಲ್ಲೆನ್ನುವುದು ಸಹಜ. ಇಂಥ ಗಂಟುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕ್ಯಾನ್ಸರ್ ಅಲ್ಲ. ಆದರೆ "ರಕ್ತದ ವರದಿ ಸರಿಯಿದೆ" ಎಂದು ಸುಮ್ಮನಾಗುವುದೂ ತಪ್ಪು. ರಕ್ತಪರೀಕ್ಷೆ ಗ್ರಂಥಿಯ ಕೆಲಸವನ್ನು ತಿಳಿಸುತ್ತದೆ, ಗಂಟಿನ ಗುಣವನ್ನಲ್ಲ. ಅದಕ್ಕೆ ಅಲ್ಟ್ರಾಸೌಂಡ್ ಬೇಕು. ಅನುಮಾನವಿದ್ದರೆ ಸೂಜಿಯಿಂದ ಜೀವಕೋಶ ತೆಗೆದು ನೋಡುತ್ತಾರೆ. ಗಂಟು ಬೇಗ ಬೆಳೆದರೆ, ಕಲ್ಲಿನಂತಿದ್ದರೆ, ದನಿ ಒಡೆದರೆ, ನುಂಗಲು ತೊಡಕಾದರೆ ಒಂದು ದಿನವೂ ತಡಮಾಡಬಾರದು. ಇಂಥ ರೋಗಿಗಳಿಗಾಗಿ ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ.

ಅಯೋಡಿನ್ ಉಪ್ಪನ್ನು ಬಿಡಬಾರದು. ಆದರೆ ಇರುವ ಗಂಟನ್ನು ಅದು ಕರಗಿಸುವುದಿಲ್ಲ.

ಹಳೆಯ ವರದಿಗಳನ್ನೆಲ್ಲ ಒಂದು ಚೀಲದಲ್ಲಿ ಜೋಪಾನವಾಗಿಡಿ. ವೈದ್ಯರು ಒಂದು ಅಂಕಿಯನ್ನಲ್ಲ, ಇಡೀ ಮನುಷ್ಯನನ್ನು ನೋಡಿ ನಿರ್ಧರಿಸಲಿ. ಮನೆಯ ಹಿರಿಯರ ವಿಷಯದಲ್ಲಿ ಗಾಬರಿಯೂ ಬೇಡ, ಉದಾಸೀನವೂ ಬೇಡವೆಂಬುದೇ ನಮ್ಮ ಅರಿಕೆ.